ಸಂಕಷ್ಟಿಗೆ ಬಾರದ ಚಂದ್ರ

ಐಸ್‌ಲ್ಯಾಂಡಿನಲ್ಲಿ ರಾತ್ರಿಯೂ ಇಳಿಯದ ಬೇಸಿಗೆಯ ಸೂರ್ಯನನ್ನು ಮುಳುಗಿಸಬೇಕಾದರೆ ಹಿಂದಿನ ದಿನವೇ ಅರ್ಜಿ ಕೊಡಬೇಕು. ಧಾರವಾಡದ ಶ್ರೀಪಾದ ಕೊಟ್ಟಿದ್ದ. ತಾಯಿ ಕುಂದಾಬಾಯಿಗೆ ಅಂದು ಸಂಕಷ್ಟಿ. ಮೊಮ್ಮಕ್ಕಳೊಡನೆ ಜಲಪಾತ, ಬಿಸಿನೀರಿನ ಬುಗ್ಗೆ ಎಲ್ಲವನ್ನೂ ಉಪವಾಸದಲ್ಲೇ ನೋಡಿದ್ದರು. ಚಂದ್ರನನ್ನು ಕಾಣದೆ ತುತ್ತು ಮುಟ್ಟುವವರಲ್ಲ.

ಹೇಳಿದ ಹೊತ್ತಿಗೆ ಸೂರ್ಯ ಇಳಿದ. ಕತ್ತಲಾಯಿತು.

“ಚಂದಪ್ಪ ಎಲ್ಲಿದ್ದಾನೋ, ಶ್ರೀಪಾದಾ?”

ಶ್ರೀಪಾದ ಅರ್ಜಿ ಕೊಟ್ಟಿದ್ದ ಸರಕಾರಿ ಕೌಂಟರಿನಲ್ಲಿ ವಿಚಾರಿಸಿದ. “ಚಂದ್ರನಿಗೆ ಬೇರೆ ಅರ್ಜಿ,” ಎಂದಳು ಅಲ್ಲಿದ್ದ ಹುಡುಗಿ. “ಈಗ ಕೊಟ್ಟರೆ ನಾಳೆ ಬರುತ್ತಾನೆ.”

“ನಾಳಿನ ಚಂದ್ರನ್ನ ತಗೊಂಡು ಇವತ್ತಿನ ಉಪವಾಸ ಬಿಡ್ಲಿಕ್ಕೆ ಆಗ್ತದೇನು?” ಎಂದರು ಕುಂದಾಬಾಯಿ.

ಬೇರೆ ದಾರಿ ಕಾಣದೆ ಶ್ರೀಪಾದ ಅರ್ಜಿ ಬರೆದ. ಹುಡುಗಿ ಚಂದ್ರನ ಚಿತ್ರದ ಮೊಹರು ಒತ್ತಿದ ಸ್ವೀಕೃತಿ ಚೀಟಿ ಕೊಟ್ಟಳು.

ಕುಂದಾಬಾಯಿ ಅದನ್ನು ಕಲ್ಲಿಗೆ ಒರಗಿಸಿ, ಅಕ್ಷತೆ ಹಾಕಿ, ಕೈಮುಗಿದು, ಊಟದ ಡಬ್ಬಿ ತೆಗೆದರು.

“ಅವ್ವಾ, ಇದು ನಡೀತದೇನು?”

“ಸರಕಾರದ ಮೊಹರು ಅದ ಅಲ್ಲೋ! ಗಣಪ್ಪಗ ಇನ್ನೇನು ಬೇಕು? ಚಟ್ನಿ ಹಾಕು.”