ಒಗೆಯದ ಅಂಗಿ

ಫಖ್ರಿಯಾ ಬರುವುದನ್ನು ಕಂಡು ಗೇಟಿನ ಪೇದೆ ಸಿಗರೇಟನ್ನು ಬೂಟಿನಡಿ ಹೊಸಕಿ ಎದ್ದು ನಿಂತ. ಆದರೆ ದಾರಿ ಬಿಡಲಿಲ್ಲ.

ಠಾಣೆಯ ಗೋಡೆಯ ನೆರಳಿನಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ಒಳಗಿರುವ ಗಂಡನದೋ ಅಣ್ಣನದೋ ಸುದ್ದಿಗಾಗಿ ಬೆಳಿಗ್ಗೆಯಿಂದ ಕಾದವರು. ಅವಳನ್ನು ನೋಡಿದ್ದೇ ಮಾತು ನಿಲ್ಲಿಸಿದರು. ಒಬ್ಬಳು ಅಬಾಯಾದ ಅಂಚು ಎಳೆದುಕೊಂಡು ದೂರ ಸರಿದಳು. ಬಸ್ರಾದ ಆ ಬೀದಿಗಳಲ್ಲಿ ಈಚೆಗೆ ಜನ ಹೀಗೆಯೇ. ಠಾಣೆಯ ನಂಟು ಯಾವ ಮನೆಗೆ ತಾಗಿದೆಯೋ ಆ ಮನೆಯವರ ಹತ್ತಿರ ಕೂರಲೂ ಹೆದರುತ್ತಾರೆ.

"ನನ್ನ ಮಗ ಒಳಗಿದ್ದಾನೆ," ಎಂದಳು ಫಖ್ರಿಯಾ. "ಎರಡು ದಿನದಿಂದ ಮನೆಗೆ ಬಂದಿಲ್ಲ."

"ಗೊತ್ತು, ಖಾಲಾ. ನೀವು ಹೋಗಿ. ಬಿಸಿಲು ಜಾಸ್ತಿಯಿದೆ."

ಅವಳು ಹೋಗಲಿಲ್ಲ. ವಯಸ್ಸು ಅರವತ್ತೆರಡು. ಮೊಣಕಾಲು ನೋಯುತ್ತಿತ್ತು. ಕಂಕುಳಲ್ಲಿ ಒಂದು ಚೀಲ. ಅದರಲ್ಲಿ ಅಂಗಿ.

ಹಿಂದಿನ ದಿನ ಠಾಣೆಯ ಚಾಲಕ ಆ ಚೀಲವನ್ನು ಅವಳ ಬಾಗಿಲಿಗೆ ತಂದುಕೊಟ್ಟು ಹೊರಟುಹೋಗಿದ್ದ. ಒಳಗೆ ಇದ್ದದ್ದು ಮಗನ ಬಿಳಿ ಅಂಗಿ. ಕಳೆದ ಈದ್‌ಗೆ ಅವಳೇ ಹೊಲಿದದ್ದು. ಬಲತೋಳಿನ ಮಣಿಕಟ್ಟಿನಿಂದ ಮೊಣಕೈವರೆಗೆ ರಕ್ತ ಒಣಗಿ ಗಟ್ಟಿಯಾಗಿತ್ತು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಅವಳು ತೊಟ್ಟಿಗೆ ನೀರು ಬಿಟ್ಟು, ಸಾಬೂನು ಹಿಡಿದು ಬಹಳ ಹೊತ್ತು ನಿಂತಳು. ಅಂಗಿಯನ್ನು ಅದ್ದಲು ಕೈ ಬರಲಿಲ್ಲ.

ಆಮೇಲೆ ಬೀದಿಯಲ್ಲಿ ಮೂರು ಬಾಗಿಲು ತಟ್ಟಿದಳು. ಠಾಣೆಯೊಳಗೆ ಏನು ನಡೆಯಿತೆಂದು ಯಾರಿಗಾದರೂ ಗೊತ್ತಿರಬಹುದು. ಎರಡು ಬಾಗಿಲು ತೆರೆಯಲೇ ಇಲ್ಲ. ಮೂರನೆಯದರಲ್ಲಿ ಆಗಷ್ಟೇ ಠಾಣೆಯಿಂದ ಬಿಡುಗಡೆಯಾಗಿದ್ದವನೊಬ್ಬನ ಹೆಂಡತಿ ಸಂದಿಯಿಂದಲೇ ಮಾತಾಡಿದಳು. ಕೇಬಲ್ ಕಳವಿನ ಕೇಸಂತೆ. ಮಾಡಿಲ್ಲ ಎಂದವನನ್ನು ಕಟ್ಟಿ ಹಾಕಿ, ಹೆಬ್ಬೆಟ್ಟು ಒತ್ತುವವರೆಗೂ ಹೊಡೆದರಂತೆ. ಹೊಡೆದದ್ದು ಪೇದೆಗಳಲ್ಲ, ಲೆಫ್ಟಿನೆಂಟ್ ಸಾಹೇಬರೇ. ಗಂಡ ಕಣ್ಣಾರೆ ಕಂಡದ್ದನ್ನು ಅಷ್ಟು ಹೇಳಿ ಅವಳು ಚಿಲಕ ಹಾಕಿಕೊಂಡಳು.

ಈಗ ಗೇಟಿನಲ್ಲಿ ಗಲಾಟೆ ಬೇಡವೆಂದು ಹವಾಲ್ದಾರ ದಾಖಿಲ್ ಅವಳನ್ನು ಒಳಗೆ ಕರೆದೊಯ್ದು ಕೂರಿಸಿದ. ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವನು ಎರಡನೆಯ ಬೆಂಚಿನ ಹುಡುಗ. ನಿಂಬೆ ಚಹಾ ತರಿಸಿದ. ಅವಳು ಮುಟ್ಟಲಿಲ್ಲ. ಕೂತಲ್ಲಿ ಕೂರಲಾಗದೆ ಎದ್ದಳು, ಮತ್ತೆ ಕೂತಳು.

"ಹೊಡೆತ ತಿಂದವನು ಬದುಕಿದ್ದಾನಾ?" ಎಂದು ಕೇಳಿದಳು.

"ಆಸ್ಪತ್ರೆಗೆ ಕಳಿಸಿದ್ದೀವಿ. ಮೆಟ್ಟಿಲಿಂದ ಬಿದ್ದ."

ಅವಳು ಅಂಗಿಯನ್ನು ತೆಗೆದು ಮೇಜಿನ ಮೇಲೆ ಹರಡಿದಳು. ದಾಖಿಲ್ ಅದನ್ನು ನೋಡಲಿಲ್ಲ. ಅವನ ಕಣ್ಣು ಮಹಡಿಯ ಮೆಟ್ಟಿಲ ಕಡೆಗೇ ಹೋಗುತ್ತಿತ್ತು.

"ನಿಮ್ಮ ಸಾಹೇಬರನ್ನ ಕರಿ."

"ಕೆಳಗೆ ಬರಲ್ಲ ಅಂದ್ರು, ಟೀಚರಮ್ಮ."

"ನನ್ನ ಮುಖ ನೋಡೋ ಧೈರ್ಯ ಇಲ್ವಂತಾ?"

ದಾಖಿಲ್ ದನಿ ತಗ್ಗಿಸಿದ. "ನೀವು ಇದನ್ನ ಕಾಗದಕ್ಕೆ ಇಳಿಸಿದ್ರೆ ನಿಮ್ಮ ಮಗನ ಬದುಕು ಹಾಳಾಗುತ್ತೆ. ಅವನ ಮುಂದಿನದ್ದನ್ನ ಯೋಚನೆ ಮಾಡಿ."

"ಮಾಡಿಯೇ ಬಂದಿದ್ದೀನಿ."

ಮನೆಗೆ ಬಿಟ್ಟುಬರಲು ಜೀಪು ಸಿದ್ಧವಿದೆ, ಸಾಹೇಬರೇ ಹೇಳಿದ್ದಾರೆ ಎಂದ. ಆ ಜೀಪು ಹತ್ತಿದವರು ಎಲ್ಲಿಗೆ ಹೋಗುತ್ತಾರೆಂದು ಬೀದಿಗೆಲ್ಲ ಗೊತ್ತಿದೆ ಎಂದು ಹೇಳಿ, ಅಂಗಿ ಮಡಚಿಕೊಂಡು ಅವಳು ಹೊರಬಿದ್ದಳು.

ನ್ಯಾಯಾಲಯಕ್ಕೆ ಅರ್ಧ ಗಂಟೆಯ ದಾರಿ. ನಡೆದೇ ಹೊರಟಳು. ದಾರಿಯಲ್ಲಿ ಫೋನು ನಾಲ್ಕು ಸಲ ಬಡಿದುಕೊಂಡಿತು. ಹೆಸರು ನೋಡಿದಳು, ಎತ್ತಲಿಲ್ಲ. ಐದನೆಯ ಸಲಕ್ಕೆ ಗೋಡೆಗೆ ಕೈಯಾನಿಸಿ ನಿಂತು, ಫೋನನ್ನೇ ಆಫ್ ಮಾಡಿಬಿಟ್ಟಳು.

ತನಿಖಾ ನ್ಯಾಯಾಧೀಶರ ಗುಮಾಸ್ತ ಕನ್ನಡಕದ ಮುದುಕ. ಅವಳ ಗುರುತಿನ ಚೀಟಿ ನೋಡಿ, ದೂರುದಾರಳ ಸಾಲಿನಲ್ಲಿ ಹೆಸರು ತುಂಬಿದ. ಫಖ್ರಿಯಾ ಜಬ್ಬಾರ್ ಅತೀಯಾ. ವಿಧವೆ. ನಿವೃತ್ತ ಶಿಕ್ಷಕಿ. ಅಂಗಿಯನ್ನು ಕಾಗದದ ಚೀಲಕ್ಕೆ ಹಾಕಿ ಅರಗು ಒತ್ತಿದ.

"ಪೊಲೀಸರ ಮೇಲೆ ದೂರು," ಎಂದ ಮೆಲ್ಲಗೆ. "ಇವತ್ತು ಸಂಜೆಯೇ ನಿಮ್ಮ ಮನೆಗೆ ಬರ್ತಾರೆ, ತಂಗಿ. ಗೊತ್ತಲ್ಲ?"

"ಬರಲಿ. ಬೀಗದಕೈ ಅವರ ಹತ್ರಾನೂ ಒಂದಿದೆ."

ಕಹಿಯ ಮಾತೆಂದು ಭಾವಿಸಿ ಅವನು ತಲೆಯಾಡಿಸಿದ. "ಪೆಟ್ಟು ತಿಂದವನು?"

"ಮಿನ್‌ಹಾಲ್ ಅಂತ. ನಮ್ಮ ಬೀದಿಯ ಜನರೇಟರ್ ನೋಡ್ಕೊಳ್ಳೋನು."

"ನಿಮ್ಮ ಮಗನಾ?"

"ಅಲ್ಲ."

ಗುಮಾಸ್ತ ಕತ್ತೆತ್ತಿದ. ಪರರಿಗಾಗಿ ಈ ಮೆಟ್ಟಿಲು ಹತ್ತಿದವರನ್ನು ಅವನು ಹೆಚ್ಚು ಕಂಡಿರಲಿಲ್ಲ. ಹಾಳೆ ತಿರುಗಿಸಿದ.

"ಆರೋಪಿಯ ಹೆಸರು?"

"ಲೆಫ್ಟಿನೆಂಟ್ ಗೈಲಾನ್ ಅಬ್ದುಲ್ ವಾಹಿದ್."

"ಹುಟ್ಟಿದ ತಾರೀಖು ನಿಮಗೆ ಗೊತ್ತಿರಲ್ಲ, ಖಾಲಿ ಬಿಡ್ತೀನಿ."

ಅವಳು ದಿನ, ತಿಂಗಳು, ವರ್ಷ ಹೇಳಿದಳು. ಶುಕ್ರವಾರ, ಮಧ್ಯಾಹ್ನದ ನಮಾಜಿನ ಹೊತ್ತು ಎಂದೂ ಹೇಳಿದಳು. ಗುಮಾಸ್ತನ ಲೇಖನಿ ನಿಂತಿತು. ಉಳಿದದ್ದು ಒಂದೇ ಸಾಲು. ಅವನು ಅದನ್ನು ಬಹಳ ನಿಧಾನವಾಗಿ ಓದಿದ.

"ಆರೋಪಿಯ ತಾಯಿಯ ಹೆಸರು?"

"ನನ್ನದೇ ಬರೀರಿ."