ಐವತ್ತೋ ಐವತ್ತೆರಡೋ

ಪ್ಯಾಕಿಂಗ್ ಕಾರ್ಖಾನೆಯಲ್ಲಿ ರಿಪೇರಿ ಕೆಲಸದ ಸೊಸೆಗೆ ಬೆಲ್ಟ್ ಬಿಗಿ ಮಾಡಲು ಇನ್ನೆರಡು ನಟ್ಟು ಬಾಕಿಯಿದ್ದವು. ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆ ನಡೆಸುವ ಯಂತ್ರದ ಅಲಾರಂ ಕೂಗಿಕೊಂಡಿತು. ಈ ಪಾಳಿಯಲ್ಲಿ ಇದು ಮೂರನೇ ಸಲ.

"ಅದೇ ಹಳೇ ಐವತ್ತು ನಂಬರು ಕಣೇ," ಅತ್ತೆ ಅಲ್ಲಿಂದಲೇ ಹೇಳಿದರು. "ಮೋಟಾರು ಬಿಸಿಯಾಗಿದೆ, ಅಷ್ಟೇ. ನೀನು ಬರೋಷ್ಟರಲ್ಲಿ ನಾನೇ ರಿಸೆಟ್ ಒತ್ತಿ ಬಿಡ್ತೀನಿ."

"ತಡೀರಿ ಅತ್ತೆ, ನೋಡ್ತೀನಿ."

"ನೋಡೋಕೇನಿದೆ? ನೀನು ಶಾಲೆಗೆ ಹೋಗೋ ಕಾಲದಿಂದ ಒತ್ತುತಾ ಇದೀನಿ."

ಎಣ್ಣೆಗೈಯಲ್ಲೇ ಓಡಿಬಂದ ಸೊಸೆಗೆ ಮೊದಲು ಕಂಡದ್ದು ಯಂತ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಸೂಪರ್‌ವೈಸರ್. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ಅಡ್ಡ ಸಿಕ್ಕಿದ ರಟ್ಟಿನ ಪೆಟ್ಟಿಗೆಯನ್ನು ಎಳೆಯುತ್ತಿದ್ದ. ಆಮೇಲೆ ಕಂಡದ್ದು ಪರದೆ. ಅಲ್ಲಿದ್ದದ್ದು ಐವತ್ತಲ್ಲ, ಐವತ್ತೆರಡು. ಮೋಟಾರಿಗೆ ಏನೋ ಅಡ್ಡ ಬಂದಿದೆ ಎಂದು ಅದರ ಅರ್ಥ. ಚಾಲೂ ಮಾಡುವ ಸ್ವಿಚ್ಚು ಇನ್ನೂ ಆನ್ ಇತ್ತು. ಈಗ ರಿಸೆಟ್ ಒತ್ತಿದರೆ ಪೆಟ್ಟಿಗೆ ತಳ್ಳುವ ದಂಡ ನಿಂತಲ್ಲಿಂದಲೇ ನೆಗೆಯುತ್ತದೆ. ಅತ್ತೆಯ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಸೊಸೆ ಆ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಅತ್ತೆಯ ಕೈಯನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಏನೇ ಇದು, ಬಿಡು."

"ಪರದೆ ಮೇಲೆ ಏನಿದೆ, ಓದಿ."

"ಹೇಳಿದ್ನಲ್ಲ. ಐವತ್ತು."

ಅತ್ತೆ ಪರದೆಯತ್ತ ಮುಖ ತಿರುಗಿಸಿದರು. ಕಣ್ಣು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಇತ್ತೀಚೆಗೆ ಮನೆಯಲ್ಲಿ ಲೋಟಕ್ಕೆ ಬೆರಳದ್ದಿ ನೀರು ತುಂಬಿತೇ ಎಂದು ನೋಡುತ್ತಿದ್ದರು. ವಯಸ್ಸಾದಂತೆ ಗಲೀಜು ಜಾಸ್ತಿಯಾಯಿತು ಎಂದು ಸೊಸೆ ಒಳಗೊಳಗೇ ಗೊಣಗಿದ್ದಳು. ಈ ಪಾಳಿಯ ಮೊದಲೆರಡು ಅಲಾರಂ ಯಾವ ನಂಬರಿನವೋ, ಯಾರು ಬಲ್ಲರು.

ಸೂಪರ್‌ವೈಸರ್ ಜಜ್ಜಿದ ಪೆಟ್ಟಿಗೆ ಹಿಡಿದು ಎದ್ದ. "ಏನಮ್ಮಾ, ಅತ್ತೆ-ಸೊಸೆ ಜಗಳ ಇಲ್ಲೂ ಶುರುವಾಯ್ತಾ? ನಂಬರು ಏನು ಬಂತು?"

ಸೊಸೆ ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅತ್ತೆಗೆ ಕಣ್ಣು ಕಾಣುವುದಿಲ್ಲವೆಂದು ಇವನಿಗೆ ತಿಳಿದರೆ ನಾಳೆಯಿಂದ ಅವರಿಗೆ ಕೆಲಸವಿಲ್ಲ. ತಿಳಿಯದೇ ಹೋದರೆ, ಇವತ್ತು ಇವನ ಕೈ ಉಳಿದ ಹಾಗೆ ನಾಳೆ ಇನ್ನೊಬ್ಬರದು ಉಳಿಯುತ್ತದೆಂದು ಏನು ಖಾತ್ರಿ?

"ಐವತ್ತೆರಡು ಸರ್," ಎಂದಳು ಸೊಸೆ. "ಕೈ ಹಾಕೋ ಮುಂಚೆ ಒಂದು ಮಾತು ಹೇಳಬಾರದಾ?"

"ಒಂದು ಪೆಟ್ಟಿಗೆಗೆ ಊರೆಲ್ಲ ಡಂಗುರ ಹೊಡೀಲಾ? ಬೇಗ ಶುರು ಮಾಡಿ, ಲಾರಿ ಕಾಯ್ತಿದೆ."

ಅವಳು ಸ್ವಿಚ್ಚು ಆಫ್ ಮಾಡಿದಳು. ಯಂತ್ರದ ಸುತ್ತ ಒಂದು ಸುತ್ತು ಬಂದು, ಒಳಗೆ ಯಾರ ಕೈಯೂ ಇಲ್ಲವೆಂದು ಕಂಡ ಮೇಲೆ ರಿಸೆಟ್ ಒತ್ತಿದಳು. "ಇಷ್ಟಕ್ಕೆ ಇಷ್ಟೊಂದು ರಂಪ," ಎಂದರು ಅತ್ತೆ. ದನಿಯಲ್ಲಿ ಎಂದಿನ ಮೊನಚಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಸೊಸೆ ಮೊದಲನೇ ಯಂತ್ರದ ಮುಂದೆ ನಿಂತು ರಿಸೆಟ್ಟಿಗೆ ಪಾಸ್‌ವರ್ಡ್ ಹಾಕಿದಳು. ಇನ್ನು ಅಲಾರಂ ಕೂಗಿದರೆ ಅವಳೇ ಬಂದು ನೋಡಬೇಕು, ಅವಳೇ ಬಿಡಿಸಬೇಕು. ಅತ್ತೆಯ ಯಂತ್ರವೊಂದಕ್ಕೇ ಹಾಕಿದರೆ ಯಾಕೆಂದು ಕೇಳುತ್ತಾರೆ. ಸಾಲಿನ ಹನ್ನೆರಡು ಯಂತ್ರಕ್ಕೂ ಹಾಕಿದರೆ ಬರೀ ಬೈಯುತ್ತಾರೆ. ಸಂಜೆಯೊಳಗೆ ಅವನ್ನು ನಡೆಸುವ ಹನ್ನೆರಡು ಹೆಂಗಸರೂ ಅವಳ ಜನ್ಮ ಜಾಲಾಡುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಜೋರು ದನಿ ಅತ್ತೆಯದು.

ಜೋರಾಗಿಯೇ ಇರಲಿ ಎಂದುಕೊಂಡು ಅವಳು ಎರಡನೇ ಯಂತ್ರಕ್ಕೆ ನಡೆದಳು.