ಏಳನೇ ಟ್ರ್ಯಾಕ್

ಟೇಪು ಎರಡು ಕಡೆ ಅಂಟಿಕೊಂಡಿತ್ತು. ಚನ್ನವೀರೇಶ್ ಸುರುಳಿ ತಿರುಗಿಸುವುದನ್ನು ನಿಲ್ಲಿಸಿ, ಬೆರಳ ತುದಿಗೆ ಹತ್ತಿದ ಕಂದು ಪುಡಿಯನ್ನು ನೋಡಿದ. ದಾಖಲಾದದ್ದೆಲ್ಲ ಇರುವುದು ಆ ಪುಡಿಯಲ್ಲೇ. ಇನ್ನೊಂದು ಸುತ್ತು ಎಳೆದಿದ್ದರೆ ಒಂದು ನಿಮಿಷದ ಅಂತರಿಕ್ಷ ನೆಲಕ್ಕೆ ಉದುರುತ್ತಿತ್ತು.

ದೇಶದ ಮೊದಮೊದಲ ಉಪಗ್ರಹಗಳು ಕಳಿಸಿದ ಸಂಕೇತಗಳನ್ನು ಹಿಡಿದಿಟ್ಟ ಟೇಪುಗಳು ಅವು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಯಾವುದೋ ಗೋದಾಮಿನಲ್ಲಿದ್ದು, ಈಗ ಬಸವೇಶ್ವರನಗರದ ಈ ಮಹಡಿಗೆ ಬಂದಿದ್ದವು. ಕೆಳಗೆ ಕ್ಲಿನಿಕ್, ಮೇಲೆ ಚನ್ನವೀರೇಶ್‌ನ ಎರಡು ಕೋಣೆ. ಒಂದರಲ್ಲಿ ಟೇಪು ಓದುವ ಹಳೆಯ ಯಂತ್ರ, ಇನ್ನೊಂದರಲ್ಲಿ ಟೇಪುಗಳನ್ನು ಹದವಾಗಿ ಬಿಸಿಮಾಡುವ ಪೆಟ್ಟಿಗೆ. ಬಿಸಿಯಾದ ಟೇಪಿನ ಅಂಟು ಕೆಲವು ದಿನ ಗಟ್ಟಿಯಾಗಿರುತ್ತದೆ. ಅಷ್ಟರಲ್ಲಿ ಓದಿಕೊಳ್ಳಬೇಕು. ಇಷ್ಟು ಕೆಟ್ಟಿರುವ ಟೇಪು ಒಂದೇ ಸಲ ಓದಿಸಿಕೊಳ್ಳುತ್ತದೆ. ಆಮೇಲೆ ಅದು ಬರೀ ಪ್ಲಾಸ್ಟಿಕ್ ಪಟ್ಟಿ.

ಹೊಸಹಳ್ಳಿಯ ರಂಜಿನಿ ಎಂಬವಳು ಫೋನ್ ಮಾಡಿದ್ದು ಇದೇ ಟೇಪಿಗಾಗಿ. ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಸಂಕೇತ ಹಿಡಿಯುವ ಕೇಂದ್ರದಲ್ಲಿ ಕೂತವರು ನಿಮಿಷಕ್ಕೊಮ್ಮೆ ಮೈಕಿನಲ್ಲಿ ಸಮಯ ಹೇಳುತ್ತಿದ್ದರು. ಆರು ಟ್ರ್ಯಾಕುಗಳಲ್ಲಿ ಉಪಗ್ರಹದ ಸಂಕೇತ, ಏಳನೆಯದರಲ್ಲಿ ಆ ಮಾತು. ಟೇಪು ಇಲ್ಲಿಗೆ ಬಂದಿರುವುದನ್ನು ಕೇಂದ್ರದ ಹಳಬರೊಬ್ಬರು ಅವಳಿಗೆ ತಿಳಿಸಿದ್ದರಂತೆ.

“ಅದ್ರಲ್ಲಿ ಟೈಮ್ ಹೇಳಿರೋದು ನಮ್ಮನೇವ್ರೇ ಒಬ್ರು ಸಾರ್,” ಅಂದಿದ್ದಳು. “ಆ ಧ್ವನಿ ಬೇರೆಲ್ಲೂ ಇಲ್ಲ. ನಾನು ಒಂದ್ಸಲಾನೂ ಕೇಳಿಲ್ಲ. ನಂಗೆ ಎಂಟು ತಿಂಗಳಿದ್ದಾಗ್ಲೇ ಹೋಯ್ತು.”

ಏನಾಗಿತ್ತು ಎಂದು ಅವನು ಕೇಳಿದ್ದ.

“ಗಂಟಲಲ್ಲಿ ಕ್ಯಾನ್ಸರ್.”

ಮನೆ ವಿಳಾಸ ಹೇಳುವ ಹಾಗೆ ಹೇಳಿದಳು. ಹೇಳಿ ಹೇಳಿ ಸವೆದ ಮಾತು. ಚನ್ನವೀರೇಶ್ ಒಂದು ಚೀಟಿಯಲ್ಲಿ ‘ತಂದೆಯ ಧ್ವನಿ’ ಎಂದು ಬರೆದು ಟೇಪಿನ ಡಬ್ಬಿಗೆ ಅಂಟಿಸಿದ. ಅವನಿಗೆ ಸಿಕ್ಕ ಗುತ್ತಿಗೆ ಇದ್ದದ್ದು ಆರು ಟ್ರ್ಯಾಕುಗಳಿಗೆ ಮಾತ್ರ. ಏಳನೆಯದಕ್ಕೆ ಬೇರೆ ತಂತಿ ಎಳೆಯಬೇಕಿತ್ತು. ಎಳೆದ.

ಬಿಸಿಮಾಡಿದ ಮೇಲೆ ಟೇಪು ಓಡಿತು. ಓಡಿದ ಕಡೆಯೆಲ್ಲ ಪುಡಿ ಉದುರಿತು. ಆರೂ ಟ್ರ್ಯಾಕುಗಳ ಅಂಕಿಗಳು ಒಂದೂ ತಪ್ಪದೆ ಹೊಂದಿಕೊಂಡವು. ಏಳನೆಯದು ಮಾತ್ರ ಸರಿಯಿಲ್ಲ ಅನ್ನಿಸಿತು. ಧ್ವನಿ ಚುರುಕಾಗಿ, ತೆಳ್ಳಗೆ ಕೇಳುತ್ತಿತ್ತು. ಟೇಪು ಹೆಚ್ಚು ವೇಗದಲ್ಲಿ ಓಡಿದರೆ ಎಂಥವರ ಧ್ವನಿಯೂ ತೆಳ್ಳಗಾಗುತ್ತದೆ. ಅವನು ಇಂಥವನ್ನು ಎಷ್ಟೋ ತಿದ್ದಿದ್ದ. ಕಂಪ್ಯೂಟರಿನಲ್ಲಿ ವೇಗ ಇಳಿಸುತ್ತ ಹೋದ. ಐದರಲ್ಲೊಂದು ಪಾಲು ಇಳಿಸಿದಾಗ ಧ್ವನಿ ತಗ್ಗಿ, ತುಂಬಿಕೊಂಡು, ಒಬ್ಬ ತಂದೆಯ ಧ್ವನಿಯಾಯಿತು. ಸಮಯ ಹೇಳುವ ಎರಡು ಕೂಗುಗಳ ನಡುವಿನ ಒಂದು ನಿಮಿಷ ಈಗ ಒಂದೂಕಾಲು ನಿಮಿಷವಾಗಿತ್ತು. ಅದನ್ನು ಗಮನಿಸಿದ. ಆ ಕಾಲದ ಗಡಿಯಾರದ ತಪ್ಪಿರಬೇಕು ಎಂದುಕೊಂಡು ಬಿಟ್ಟ.

ಶನಿವಾರ ರಂಜಿನಿ ಸ್ಕೂಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಬಂದಳು.

“ನಮ್ಮಮ್ಮ, ಅಣ್ಣಮ್ಮ ಅಂತ. ಎರಡು ದಿನದಿಂದ ಊಟ ಸೇರ್ತಿಲ್ಲ ಇವ್ರಿಗೆ.”

ಎಪ್ಪತ್ತು ದಾಟಿದ ಹೆಂಗಸು. ಸೆರಗನ್ನು ಕೊರಳ ಸುತ್ತ ಹೊದ್ದುಕೊಂಡಿದ್ದರು. ಕೈ ಮುಗಿದು ಕುರ್ಚಿಯಲ್ಲಿ ಕೂತರು. ಚಳಿಯಿರಬೇಕೆಂದು ಚನ್ನವೀರೇಶ್ ಫ್ಯಾನ್ ನಿಧಾನ ಮಾಡಿದ. ಧ್ವನಿ ಹೇಗಿತ್ತೆಂದು ನೆನಪಿದೆಯೇ ಎಂದು ಕೇಳಿದ. ಅವರು ಹೌದೆಂದು ತಲೆಯಾಡಿಸಿದರು. ಒಮ್ಮೆ ಕೆಮ್ಮು ಬಂದಾಗ ಸೆರಗನ್ನು ಕೊರಳಿಗೆ ಒತ್ತಿಕೊಂಡರು. ಮುಖದಲ್ಲಿ ಏನೂ ಇರಲಿಲ್ಲ. ದುಃಖ ಹಳತಾದವರು ಹೀಗೆ ಮಾತಿಲ್ಲದೆ ಕೂರುವುದನ್ನು ಅವನು ಕಂಡಿದ್ದ.

ಧ್ವನಿ ಹಾಕಿದ.

ಭಾರವಾದ ಗಂಡು ಧ್ವನಿಯೊಂದು ಇಂಗ್ಲಿಷಿನಲ್ಲಿ ಗಂಟೆ, ನಿಮಿಷ ಹೇಳಿತು. ಬಳಿಕ ಪಕ್ಕದ ಕೋಣೆಯಲ್ಲಿದ್ದ ಯಾರನ್ನೋ ಕನ್ನಡದಲ್ಲಿ ಕೇಳಿತು: “ಕೇಳಿಸ್ತಾ ಇದ್ಯಾ?”

ಅಣ್ಣಮ್ಮ ಮುಚ್ಚಿದ್ದ ಕಣ್ಣು ತೆರೆದು, ಅಲ್ಲವೆಂದು ತಲೆಯಾಡಿಸಿದರು.

“ಇದಲ್ಲ ಸಾರ್,” ಅಂದಳು ರಂಜಿನಿ.

“ಒಮ್ಮೆನೂ ಕೇಳಿಲ್ಲ ಅಂದಿದ್ರಿ. ಹೆಂಗ ಗೊತ್ತಾತ್ರಿ?”

“ಅಷ್ಟೂ ಗೊತ್ತಾಗಲ್ವಾ?”

ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬೇರೆ ಟೇಪು ಇದೆಯೇ ಎಂದು ಕೇಳಿದಳು. ಆ ಕೇಂದ್ರದ್ದು ಇದೊಂದೇ ಉಳಿದದ್ದು, ಅದೂ ಮುಗಿಯಿತು ಎಂದು ಅವನು ಯಂತ್ರದ ಕೆಳಗಿನ ತಟ್ಟೆ ತೋರಿಸಿದ. ತಟ್ಟೆಯ ತುಂಬ ಕಂದು ಪುಡಿ. ಅವಳು ಅದನ್ನು ನೋಡಿ, ಹೆಲ್ಮೆಟ್ ಎತ್ತಿಕೊಂಡಳು.

ಅಣ್ಣಮ್ಮ ಏಳಲಿಲ್ಲ. ಮೇಜಿನ ಮೇಲಿದ್ದ ಟೇಪಿನ ಡಬ್ಬಿಯನ್ನೇ ನೋಡುತ್ತಿದ್ದರು. ಮಗಳ ಮಣಿಕಟ್ಟು ಮುಟ್ಟಿ, ಡಬ್ಬಿಗೆ ಅಂಟಿಸಿದ್ದ ಚೀಟಿಯತ್ತ ಬೆರಳು ಮಾಡಿದರು. ರಂಜಿನಿ ಓದಿದಳು. ಹೆಲ್ಮೆಟ್ ಕೆಳಗಿಟ್ಟಳು.

“ನೀವು ಇದ್ರಲ್ಲಿ ಏನಾದ್ರೂ ಬದಲಾಯಿಸಿದ್ರಾ ಸಾರ್?”

“ವೇಗ ಸ್ವಲ್ಪ ಇಳಿಸೀನ್ರಿ. ಮೂಲದಾಗ ಭಾಳ ತೆಳ್ಳಗಿತ್ತು.”

“ಇಳಿಸ್ದೆ ಇರೋದು ಹಾಕಿ.”

ಹಾಕಿದ. ತೆಳುವಾದ, ಸ್ಪಷ್ಟವಾದ ಎಳೆಯ ಹೆಣ್ಣು ಧ್ವನಿಯೊಂದು ಅವಸರವಿಲ್ಲದೆ ಗಂಟೆ ಹೇಳಿತು, ನಿಮಿಷ ಹೇಳಿತು. ಅಣ್ಣಮ್ಮನವರ ಸೆರಗು ಜಾರಿತು. ಅವರು ಸರಿಮಾಡಿಕೊಳ್ಳಲಿಲ್ಲ. ಕೊರಳ ನಡುವೆ ಅಂಗಿಯ ಗುಂಡಿಯಷ್ಟು ಅಗಲದ ತೂತಿತ್ತು. ಅವರ ತುಟಿಗಳು, ಸದ್ದಿಲ್ಲದೆ, ಅದೇ ಅಂಕಿಗಳಿಗೆ ಅಲುಗುತ್ತಿದ್ದವು.

“ಕೇಳಿಸ್ತಾ ಇದ್ಯಾ?”

“ಕೇಳಿಸ್ತಾ ಇದೆ ಅಮ್ಮ,” ಎಂದಳು ರಂಜಿನಿ, ಸ್ಪೀಕರಿಗೆ.